ಸೋಫಾದ ಹಿಂದಿನ ಎರಡು ಸ್ಪೀಕರ್

ಗೋಡೆ ಒಡೆಸುವ ಮೊದಲು ಆ ಮನೆಯಲ್ಲಿ ಹಾಲ್, ಊಟದ ಕೋಣೆ, ಅಡುಗೆಮನೆ ಅಂತ ಮೂರು ಬೇರೆ ಬೇರೆ ಜಾಗಗಳಿದ್ದವು. ಈಗ ಇರುವುದು ಒಂದೇ. ಸೋಫಾದಲ್ಲಿ ಕೂತವರು ಕತ್ತು ಹೊರಳಿಸಿದರೆ ಒಲೆ ಕಾಣುತ್ತದೆ, ಒಲೆ ಮುಂದೆ ನಿಂತವರಿಗೆ ಟಿವಿ ಕಾಣುತ್ತದೆ. ಗಂಡ ಹೆಂಡತಿ ಮುನಿಸಿಕೊಂಡರೆ ಹೋಗಿ ಕೂರುವುದಕ್ಕೆ ಒಂದು ಮೂಲೆಯೂ ಉಳಿದಿಲ್ಲ. ಇದೆಲ್ಲ ಯಜಮಾನರ ಕಾರುಬಾರು. ಜೀವನವಿಡೀ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದವರು, ಊರವರ ಮನೆಗಳೆಲ್ಲ ಮುಗಿದ ಮೇಲೆ ಸ್ವಂತ ಮನೆಗೇ ಕೈ ಹಾಕಿದ್ದರು.

ಗೋಡೆ ಹೋಯಿತು, ದೊಡ್ಡ ಟಿವಿ ಬಂತು. ಉಳಿದದ್ದು ಸ್ಪೀಕರ್. ಅಲ್ಲಿಯವರೆಗೆ ಎಲ್ಲದಕ್ಕೂ ತಲೆಯಾಡಿಸಿದ್ದ ಹೆಂಡತಿ ಅಲ್ಲಿ ಬಂದು ಪಟ್ಟು ಹಿಡಿದಳು.

"ಟಿವಿ ಕೆಳಗೆ ಒಂದು ಉದ್ದನೆ ಸೌಂಡ್‌ಬಾರ್ ಇಟ್ಟರೆ ಮುಗೀತು. ವೈರಿಲ್ಲ, ಗಲೀಜಿಲ್ಲ" ಎಂದರು ಯಜಮಾನರು. ಗ್ರಾಫ್ ಹಾಳೆಯ ಮೇಲೆ ಆಗಲೇ ಅದನ್ನು ಬರೆದೂ ಇಟ್ಟಿದ್ದರು.

"ನಂಗೆ ಹಿಂದೆ ಎರಡು ಸ್ಪೀಕರ್ ಬೇಕು."

"ಹಿಂದೆ ಗೋಡೆ ಎಲ್ಲಿದೆ? ಎಲ್ಲಿಗೆ ನೇತು ಹಾಕ್ತೀಯ?"

"ಗೋಡೆ ಒಡೆಸಿದ್ದು ನಾನಾ?"

ಈ ಹಟಕ್ಕೆ ಕಾರಣವಿತ್ತು. ಆಕೆಯದು ದನಿ ಕೊಡುವ ಕೆಲಸ. ಆದರೆ ನಾಯಕಿಗೂ ಅಲ್ಲ, ನಾಯಕಿಯ ತಾಯಿಗೂ ಅಲ್ಲ, ಗುಂಪಿಗೆ. ಸಿನಿಮಾದಲ್ಲಿ ಮಾರುಕಟ್ಟೆ ಬಂದರೆ, ಆಸ್ಪತ್ರೆ ಬಂದರೆ, ರೈಲು ತಪ್ಪಿ ಜನ ಗೊಣಗಿದರೆ, ಹಿಂದೆ ಗಿಜಿಗಿಜಿ ಅನ್ನುತ್ತದಲ್ಲ, ಆ ಗಿಜಿಗಿಜಿಯನ್ನು ಏಳೆಂಟು ಜನ ಸ್ಟುಡಿಯೋದಲ್ಲಿ ಮೈಕಿನ ಸುತ್ತ ನಿಂತು ಮಾಡುತ್ತಾರೆ. ಅವರಲ್ಲಿ ಒಬ್ಬಳಾಗಿ ಮೂವತ್ತೊಂದು ವರ್ಷ. ಒಬ್ಬಳೇ ಹತ್ತು ಜನರಷ್ಟು ಗದ್ದಲ ಮಾಡುತ್ತಾಳೆಂದು ಸ್ಟುಡಿಯೋದವರು ಇಟ್ಟ ಹೆಸರು ಸಂತೆಯಕ್ಕ. ಆ ಕೆಲಸಕ್ಕೆ ಬರೆದ ಮಾತಿಲ್ಲ. "ಏನಾದ್ರೂ ಮಾತಾಡ್ತಿರಿ, ಯಾವ ಮಾತೂ ಎದ್ದು ಕೇಳಿಸಬಾರದು" ಅನ್ನುತ್ತಾರೆ ಅಷ್ಟೆ. ಹೊಸಬರು ಏನೇನೋ ಕಟ್ಟಿ ಹೇಳುತ್ತಾರೆ, ಎರಡು ನಿಮಿಷಕ್ಕೆ ಸರಕು ಖಾಲಿ. ಹಳಬರಿಗೆ ಗುಟ್ಟು ಗೊತ್ತು. ಮನೆಯಲ್ಲಿ ನಡೆದದ್ದನ್ನೇ ಹೇಳುತ್ತಾ ಹೋದರೆ ದಿನವಿಡೀ ಮುಗಿಯುವುದಿಲ್ಲ. ಸೋರುವ ನಲ್ಲಿ, ಮಗಳ ಪರೀಕ್ಷೆ, ನಾದಿನಿಯ ಚಾಡಿ, ಎಲ್ಲವನ್ನೂ ಸಂತೆಯಕ್ಕ ಹಾಗೆ ಮೈಕಿಗೆ ಸುರಿದಿದ್ದಳು.

ಹೀಗೆ ಇನ್ನೂರಕ್ಕೂ ಮಿಕ್ಕಿ ಚಿತ್ರಗಳು. ಒಂದರಲ್ಲಾದರೂ ಗಂಡ ಅವಳ ದನಿಯನ್ನು ಗುರುತಿಸಿದ್ದಿಲ್ಲ. ಥಿಯೇಟರಿಗೆ ಕರೆದುಕೊಂಡು ಹೋಗಿ, ಈಗ ಬರುತ್ತೆ ನೋಡಿ ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಅವರು ಪರದೆಯನ್ನು ಗಂಭೀರವಾಗಿ ನೋಡಿ, "ಹೂಂ, ಚೆನ್ನಾಗಿ ಕೇಳಿಸ್ತು" ಅನ್ನುತ್ತಿದ್ದರು. ಒಂದು ಸಲವಂತೂ ಚಿತ್ರದವರು ಆ ದೃಶ್ಯವನ್ನೇ ಕತ್ತರಿಸಿ ಎಸೆದಿದ್ದರು, ಆಗಲೂ ಇವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಅವತ್ತಿನಿಂದ ಆಕೆ ಕೇಳುವುದನ್ನು ಬಿಟ್ಟಳು. ಆಸೆಯನ್ನು ಬಿಡಲಿಲ್ಲ. ಗುಂಪಿನ ದನಿ ಬರುವುದು ಹೆಚ್ಚಾಗಿ ಹಿಂದಿನ ಸ್ಪೀಕರುಗಳಲ್ಲಿ. ಅವು ಪಕ್ಕದಲ್ಲೇ ಇದ್ದು, ಮನೆಯೂ ಸದ್ದಿಲ್ಲದೆ ಇದ್ದರೆ, ಒಂದೇ ಒಂದು ಸಲ ಅವರು "ಇದು ನೀನು" ಅನ್ನಬೇಕು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆ.

ಶನಿವಾರ ಸ್ಪೀಕರ್ ಅಂಗಡಿಯವನು ಮನೆ ನೋಡಲು ಬಂದ. ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಕೂರಿ ಅಂದರೂ ಕೂರಲಿಲ್ಲ. ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದ. ಸೋಫಾದ ಹತ್ತಿರ ಹೋಗಿ ಇನ್ನೊಂದು ಹೊಡೆದ. ಅಡುಗೆ ಕಟ್ಟೆಯ ಪಕ್ಕ ಮತ್ತೊಂದು. ಯಜಮಾನರು ಹೆಂಡತಿಯ ಮುಖ ನೋಡಿದರು. ಅವಳು ನಗು ತಡೆದುಕೊಂಡಳು.

"ಬಾರ್ ಸಾಕಾಗುತ್ತೆ ಅಲ್ವಾ?" ಯಜಮಾನರು ಗ್ರಾಫ್ ಹಾಳೆಯನ್ನು ಮುಂದೆ ಹಿಡಿದರು.

"ಇಲ್ಲ ಸಾರ್. ಬಾರ್ ಏನ್ ಮಾಡುತ್ತೆ ಅಂದ್ರೆ, ಸದ್ದನ್ನ ಎರಡೂ ಕಡೆ ಗೋಡೆಗೆ ಹೊಡೆದು ವಾಪಸ್ ತರುತ್ತೆ. ಆಗ ಹಿಂದಿನಿಂದ ಬಂದ ಹಾಗೆ ಅನ್ಸುತ್ತೆ. ನಿಮಗೆ ಎಡಗಡೆ ಗೋಡೆ ಇದೆ. ಬಲಗಡೆ ಏನಿದೆ? ಹೋದ ಸದ್ದು ಹಾಗೇ ಅಡುಗೆಮನೆ ದಾಟಿ ಹೊರಟೋಗುತ್ತೆ."

"ಹಾಗಾದ್ರೆ ಗೋಡೆ ಒಡೆಸಿದ್ದು ತಪ್ಪು ಅಂತೀರಾ?" ಯಜಮಾನರಿಗೆ ಚುರುಕ್ಕೆಂದಿತು.

"ತಪ್ಪು ಯಾಕೆ ಸಾರ್, ಬೆಳಕು ಎಷ್ಟು ಚೆನ್ನಾಗಿ ಬರ್ತಿದೆ. ಹಿಂದೆ ಎರಡು ಸ್ಪೀಕರ್ ಬೇರೆ ಇಡಬೇಕು, ಅಷ್ಟೆ."

ಅವನು ಕೇಳದೆಯೇ ಸಂತೆಯಕ್ಕ ಎರಡನೇ ಸಲ ಕಾಫಿ ಕೊಟ್ಟಳು.

ಆಮೇಲೆ ಒಂದು ಗಂಟೆ ಅಳತೆ ನಡೆಯಿತು. ಅದರಲ್ಲಿ ಯಜಮಾನರನ್ನು ಮೀರಿಸುವವರಿಲ್ಲ. ಟೇಪು ಹಿಡಿದ ಕೂಡಲೇ ಮುನಿಸು ಮರೆತರು. ಸೋಫಾವನ್ನು ಎರಡು ಅಡಿ ಮುಂದಕ್ಕೆ ಎಳೆದರು. ಎಡಗಡೆಯ ಸ್ಪೀಕರ್ ಗೋಡೆಗೆ, ಕೂತವರ ಕಿವಿಗಿಂತ ಒಂದು ಗೇಣು ಮೇಲೆ, ತುಸು ಹಿಂದಕ್ಕೆ. ಬಲಗಡೆಯದಕ್ಕೆ ಸ್ಟ್ಯಾಂಡ್ ಇಟ್ಟರೆ ಓಡಾಡುವ ದಾರಿಗೆ ಅಡ್ಡ. ಕೊನೆಗೆ ಅಡುಗೆ ಕಟ್ಟೆಯ ತುದಿ ಸರಿಯಾದ ಜಾಗ ಎಂದಾಯಿತು. ಅಲ್ಲಿ ಡಬ್ಬಿಗಳ ಸಾಲಿತ್ತು. ಆ ಸಾಲನ್ನು ಯಾರಾದರೂ ಮುಟ್ಟಿದರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಿದ್ದವಳು, ತಾನೇ ಎರಡೂ ಕೈಯಲ್ಲಿ ಡಬ್ಬಿಗಳನ್ನು ಎತ್ತಿ ಬೇರೆ ಕಡೆ ಇಟ್ಟಳು. ಯಜಮಾನರು ಟೇಪು ಹಿಡಿದೇ ಅವಳನ್ನು ಅಚ್ಚರಿಯಿಂದ ನೋಡಿದರು.

ಭಾನುವಾರ ಬೆಳಿಗ್ಗೆ ಅಂಗಡಿಯವನು ಎಲ್ಲವನ್ನೂ ಜೋಡಿಸಿ ಹೋದ. ಮಧ್ಯಾಹ್ನ ಊಟವಾದ ಮೇಲೆ ಸಂತೆಯಕ್ಕ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒಂದು ಹಳೆಯ ಸಿನಿಮಾದ ಡಿಸ್ಕ್ ಹಾಕಿದಳು. ಹದಿನೆಂಟು ವರ್ಷದ ಹಿಂದಿನ ಚಿತ್ರ. ಅದರಲ್ಲಿ ಆಸ್ಪತ್ರೆಯ ಮೊಗಸಾಲೆಯ ಒಂದು ದೃಶ್ಯ ಇದೆ, ಸಂಗೀತ ನಿಲ್ಲುತ್ತದೆ, ನಾಯಕ ಮಾತಿಲ್ಲದೆ ಬೆಂಚಿನ ಮೇಲೆ ಕೂತಿರುತ್ತಾನೆ, ಸುತ್ತಲಿನವರ ಮಾತು ಮಾತ್ರ ಕೇಳುತ್ತದೆ. ಅದಕ್ಕೆ ತಾನು ಏನು ಹೇಳಿದ್ದೆ ಎಂಬುದೂ ಅವಳಿಗೆ ನೆನಪಿತ್ತು: ಮಗಳ ಶಾಲೆಯ ನಾಟಕಕ್ಕೆ ರೆಕ್ಕೆ ಹೊಲಿದ ಕಥೆ. ಕೇಳಿ ನಗುತ್ತಾರೆ ಅಂದುಕೊಂಡಳು. ಅವಳು ಮರೆತದ್ದು ಒಂದನ್ನೇ. ಅವತ್ತು ಆ ದೃಶ್ಯಕ್ಕೆ ಮೂರು ಸಲ ದನಿ ತೆಗೆದುಕೊಂಡಿದ್ದರು. ರೆಕ್ಕೆಯ ಕಥೆ ಮೊದಲನೆಯ ಸಲದ್ದು.

"ನೀವು ಎಡಗಡೆ ಕೂತ್ಕೊಳ್ಳಿ" ಎಂದು ಗಂಡನನ್ನು ಸ್ಪೀಕರಿನ ಪಕ್ಕಕ್ಕೆ ಸರಿಸಿದಳು.

ನಾಯಕ ಓಡಿ ಬಂದ, ಬೆಂಚಿನ ಮೇಲೆ ಕೂತ. ಸಂಗೀತ ನಿಂತಿತು. ಮನೆಯ ತುಂಬ ಆಸ್ಪತ್ರೆ ಹಬ್ಬಿಕೊಂಡಿತು. ಬಲಗಡೆ ಅಡುಗೆ ಕಟ್ಟೆಯಿಂದ ಯಾರೋ ಕೆಮ್ಮಿದರು. ಎಡಗಡೆ ಯಜಮಾನರ ಕಿವಿಯ ಪಕ್ಕದಲ್ಲೇ, ತಗ್ಗಿದ ದನಿಯಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳ ಹತ್ತಿರ ಹೇಳಿಕೊಳ್ಳುತ್ತಿದ್ದಳು.

"...ಮೂರು ತಿಂಗಳಾಯ್ತು. ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕ್ಕೊಂಡು ಹೊರಡ್ತಾರೆ. ಆ ಆಫೀಸೇ ಮುಚ್ಚಿದೆ. ಲೈಬ್ರರೀಲಿ ಕೂತಿರ್ತಾರೆ, ಐದು ಗಂಟೆವರೆಗೂ. ನಂಗೆ ಗೊತ್ತು ಅಂತ ಅವರಿಗೆ ಗೊತ್ತಿಲ್ಲ. ಕೇಳೋಕೆ ಬಾಯೇ ಬರಲ್ಲ ಕಣೇ..."

ಒಳಗಿನಿಂದ ನರ್ಸ್ ಬಂದಳು. ಸಂಗೀತ ಮತ್ತೆ ಶುರುವಾಯಿತು.

ಸಂತೆಯಕ್ಕ ರಿಮೋಟಿಗೆ ತಡಕಾಡಿದಳು, ಕೈಗೆ ಸಿಗಲಿಲ್ಲ. ಕೊನೆಗೆ ನಾಲ್ಕು ತಿಂಗಳಿಗೆ ಎಳೆದ ಆ ದಿನಗಳ ಮಾತು ಆ ಮನೆಯಲ್ಲಿ ಯಾವತ್ತೂ ಬಂದದ್ದಿಲ್ಲ. ಒಂದು ಸಂಜೆ ಯಜಮಾನರು ಬಂದು, ಹಳೆಯ ಆಫೀಸು ಬಿಟ್ಟು ಇದಕ್ಕಿಂತ ಒಳ್ಳೆಯದಕ್ಕೆ ಸೇರಿದೆ ಅಂದಿದ್ದರು. ಒಳ್ಳೇದಾಯ್ತು ಬಿಡಿ ಎಂದು ಇವಳು ತಟ್ಟೆ ಹಾಕಿದ್ದಳು. ಅಲ್ಲಿಗೆ ಆ ಕಥೆ ಮುಗಿದಿತ್ತು. ಅದನ್ನು ಮೂರನೆಯ ಸಲ ದನಿ ಕೊಡುವಾಗ ತಾನೇ ಹೋಗಿ ಸಿನಿಮಾದೊಳಗೆ ಇಟ್ಟು ಬಂದಿದ್ದೇನೆಂದು ಈಗ ನೆನಪಾಯಿತು. ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯ.

ಯಜಮಾನರೇ ರಿಮೋಟ್ ತೆಗೆದುಕೊಂಡು ಚಿತ್ರ ನಿಲ್ಲಿಸಿದರು.

"ಇದು ನೀನು" ಎಂದರು.

ಮೂವತ್ತೊಂದು ವರ್ಷ ಕಾದ ಮಾತು. ಅವಳಿಗೆ ಸಂತೋಷ ಪಡುವುದಕ್ಕೂ ಆಗಲಿಲ್ಲ.

"ಎಷ್ಟು ದಿನಕ್ಕೆ ಗೊತ್ತಾಯ್ತು ನಿಂಗೆ?"

"ಎರಡನೇ ದಿನ."

"ಎರಡನೇ ದಿನವೇ? ಯಾರು ಹೇಳಿದ್ರು?"

"ನೀವೇ. ಊಟದ ಡಬ್ಬಿ ತೊಳೆದು ತಂದ್ರಿ. ಆಫೀಸಿದ್ದಾಗ ಯಾವತ್ತಾದ್ರೂ ತೊಳೆದಿದ್ರಾ?"

ಯಜಮಾನರಿಗೆ ನಗು ಉಕ್ಕಿ ಬಂತು. ನಕ್ಕರು, ಕೆಮ್ಮಿದರು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುವುದು ಬಹಳ ಹೊತ್ತು ನಡೆಯಿತು. ಅವರು ಅಳುತ್ತಿದ್ದಾರೆಂದು ಅವಳಿಗೆ ತಿಳಿಯಿತು, ತಿಳಿದರೂ ಕಟ್ಟೆಯ ಕಡೆ ನೋಡುತ್ತಾ ಕೂತಳು. ಗೋಡೆ ಇದ್ದಿದ್ದರೆ ಎದ್ದು ಆಚೆ ಹೋಗಿರುತ್ತಿದ್ದಳು.

"ಲೈಬ್ರರಿ ಅಂತ ಹೇಗೆ ಗೊತ್ತು?"

"ಒಂದು ದಿನ ನಿಮ್ಮ ಹಿಂದೇನೇ ಬಂದಿದ್ದೆ. ಕಿಟಕೀಲಿ ನೋಡಿದೆ. ಖಾಲಿ ಕಾಗದದ ಮೇಲೆ ಯಾವುದೋ ಮನೆ ನಕ್ಷೆ ಬರೀತಿದ್ರಿ. ಯಾರೂ ಬರೆಸ್ತಿರಲಿಲ್ಲ, ಆದ್ರೂ ಬರೀತಿದ್ರಿ. ನೋಡಿ ವಾಪಸ್ ಬಂದೆ."

ಯಜಮಾನರು ಕನ್ನಡಕ ಹಾಕಿಕೊಂಡರು. ಆಮೇಲೆ, ತಪ್ಪು ಹೊರಿಸುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು.

"ಸ್ಟುಡಿಯೋದವರ ಮುಂದೆ ಹೇಳಿದೀಯ. ಗೊತ್ತು ಅಂತ ನಂಗೊಂದು ಮಾತು ಹೇಳಬಹುದಿತ್ತಲ್ಲೇ?"

"ಹೇಳಿಬಿಟ್ಟಿದ್ರೆ, ಮಾರನೇ ದಿನ ಬೆಳಿಗ್ಗೆ ಎದ್ದು ನೀವು ಎಲ್ಲಿಗೆ ಹೋಗ್ತಿದ್ರಿ?"

ಯಜಮಾನರು ರಿಮೋಟ್ ಎತ್ತಿಕೊಂಡು ಚಿತ್ರವನ್ನು ಆಸ್ಪತ್ರೆಯ ಬಾಗಿಲಿನವರೆಗೆ ಹಿಂದಕ್ಕೆ ಒಯ್ದರು, ಸ್ಪೀಕರಿಗೆ ಇನ್ನಷ್ಟು ಹತ್ತಿರ ಸರಿದು ಕೂತರು. ಅವಳು ಬೇಡ ಅನ್ನಲಿಲ್ಲ.