ಹೊಸಬಾಳೆ ಮ್ಯುಟೇಶನ್

ನೊಣದ ಕಾಯಿಲೆ ಕಂಡುಹಿಡಿದವರಿಗೆ ಯಾರೂ ಶಾಲು ಹೊದಿಸುವುದಿಲ್ಲ. ಈ ಸತ್ಯ ಡಾ. ನೀಲಾಂಬಿಕಳಿಗೆ ಹೊಳೆಯುವ ಹೊತ್ತಿಗೆ ಅವಳ ಮುಂದಲೆ ನರೆತಿತ್ತು. ಶಿಕಾರಿಪುರದ ಸರ್ಕಾರಿ ಶಾಲೆಯಲ್ಲಿ ಓದಿ, ದೊಡ್ಡ ಊರಿನ ವಿಶ್ವವಿದ್ಯಾಲಯ ಸೇರಿ, ಹಣ್ಣಿನ ನೊಣಗಳ ವಂಶಾವಳಿಯನ್ನು ಆ ನೊಣಗಳಿಗಿಂತ ಚೆನ್ನಾಗಿ ತಿಳಿದುಕೊಂಡು, ಆಣ್ವಿಕ ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಸಹ ಪ್ರಾಧ್ಯಾಪಕಿ ಎಂಬ ಮೆಟ್ಟಿಲಿಗೆ ಬಂದು ನಿಂತವಳು ಅಲ್ಲೇ ನಿಂತಿದ್ದಳು. ಊರಿಗೆ ಬಂದಾಗಲೆಲ್ಲ ಚಿಕ್ಕಮ್ಮ ನಾಗವೇಣಿಯದು ಒಂದೇ ತಕರಾರು. “ಡಾಕ್ಟ್ರು ಅಂತಿ. ನನ್ನ ಮೊಣಕಾಲು ನೋವಿಗೆ ಒಂದು ಗುಳಿಗಿ ಬರಕೊಡಾಕೆ ಬರಲ್ಲ. ನೀ ಎಂಥ ಡಾಕ್ಟ್ರವ್ವ?”

ದಾರಿ ತೋರಿಸಿದವರು ವಿಭಾಗದ ಮುಖ್ಯಸ್ಥ ಪ್ರೊ. ಶ್ರೀನಾಥ. ಪ್ರಯೋಗಾಲಯದ ಒಳಗೆ ಅವರನ್ನು ಕಂಡವರು ಇತ್ತೀಚೆಗೆ ಯಾರೂ ಇಲ್ಲ; ಆದರೆ ಪ್ರಯೋಗಾಲಯದಿಂದ ಹೊರಬರುವ ಪ್ರತಿ ಪ್ರಬಂಧದಲ್ಲೂ ಅವರ ಹೆಸರು ಇರುತ್ತಿತ್ತು.

“ನೊಣ ಬಿಡಿ ಮೇಡಂ, ಮನುಷ್ಯರನ್ನ ಹಿಡೀರಿ,” ಎಂದರು ಅವರು. “ಒಂದೇ ಮನೇಲಿ ಮೂರ್ನಾಲ್ಕು ಜನಕ್ಕೆ ಒಂದೇ ಕಾಯಿಲೆ ಇರೋ ಕುಟುಂಬ ಸಿಕ್ಕಿದ್ರೆ ನೀವು ಪ್ರೊಫೆಸರ್ ಆದ ಹಾಗೇ.”

ಅಂದಿನಿಂದ ನೀಲಾಂಬಿಕ, ಬೇರೆಯವರು ಮಗಳಿಗೆ ಗಂಡು ಹುಡುಕುವಂತೆ, ಕಾಯಿಲೆಯ ಮನೆತನ ಹುಡುಕತೊಡಗಿದಳು. ಮದುವೆಮನೆಗೆ ಹೋದರೂ ಅವಳ ಕಣ್ಣು ಒಡವೆ ಸೀರೆಯ ಮೇಲಲ್ಲ, ಯಾರು ಕುಂಟುತ್ತಾರೆ, ಯಾರ ಕೈ ನಡುಗುತ್ತದೆ ಎಂಬುದರ ಮೇಲೆ. ಕೊನೆಗೆ ಗುಳಿಗೆಗೆ ಹಂಬಲಿಸಿದ ಚಿಕ್ಕಮ್ಮನೇ ಸುದ್ದಿ ತಂದಳು: ಸೊರಬದ ಕಡೆ ಹೊಸಬಾಳೆಯಲ್ಲಿ ಕುರಿ ಸಾಕುವ ಒಂದು ಮನೆ ಇದೆ, ಅಲ್ಲಿ ಅಣ್ಣತಮ್ಮ ಅಕ್ಕತಂಗಿಯರಿಗೆ ಪ್ರಾಯ ಬರುತ್ತಲೇ ಕಾಲು ಸೋಲುತ್ತದಂತೆ. ನೀಲಾಂಬಿಕಳ ಮುಖ ಅರಳಿತು. ಅರಳಿದ್ದಕ್ಕೆ ಅವಳಿಗೇ ನಾಚಿಕೆಯೂ ಆಯಿತು. ಆದರೆ ನಾಚಿಕೊಂಡವರಿಗೆ ಯಾವ ವಿಶ್ವವಿದ್ಯಾಲಯವೂ ಬಡ್ತಿ ಕೊಟ್ಟದ್ದಿಲ್ಲ.

ಆ ಮನೆಯ ಯಜಮಾನಿ ವರದಮ್ಮ. ಅವಳ ಮಕ್ಕಳಲ್ಲಿ ಹುಚ್ಚರಾಯಪ್ಪ, ಪರಶುರಾಮ, ಹನುಮಮ್ಮ ಮೂವರೂ ಗೋಡೆ ಹಿಡಿಯದೆ ಏಳಲಾರರು. ಕಿರಿಯ ಮಗ ಉಜ್ಜಪ್ಪ ಮಾತ್ರ ಗೊಬ್ಬರದ ಚೀಲವನ್ನು ಹೆಗಲಿಗೇರಿಸಿಕೊಂಡು ಕೆರೆ ಏರಿ ಹತ್ತುವ ಗಟ್ಟಿ ಆಳು. ನೀಲಾಂಬಿಕ ಹೋದ ದಿನ ಮನೆಯಲ್ಲಿ ಹೋಳಿಗೆ. ಡಾಕ್ಟ್ರಮ್ಮ ಬರುತ್ತಾಳೆಂದರೆ ಬರಿ ಹೊಟ್ಟೆಯಲ್ಲಿ ಕಳಿಸಲು ಆಗುತ್ತದೆಯೇ? ಅವಳನ್ನು ಜಗಲಿಯಲ್ಲಿ ಕೂರಿಸಿ ಎಲೆ ಹಾಕಿದರು. ಕಾಯಿಲೆಯವರು ಒಳಕೋಣೆಯಲ್ಲಿದ್ದರು. ನೀಲಾಂಬಿಕ ಬಾಗಿಲಲ್ಲೇ ನಿಂತು ಕತ್ತಲಿಗೆ ಒಮ್ಮೆ ಕೈಮುಗಿದು ಬಂದಳು. ಉಳಿದದ್ದನ್ನೆಲ್ಲ ಉಜ್ಜಪ್ಪನನ್ನು ಕೇಳಿ ಬರೆದುಕೊಂಡಳು. ರಕ್ತ ತೆಗೆಯುವ ಕೆಲಸಕ್ಕೆ ತಂತ್ರಜ್ಞ ಪ್ರದೀಪ್ ಇದ್ದನಲ್ಲ. ಅವನು ಹಿತ್ತಲ ಕಡೆ ಸೂಜಿ, ಟ್ಯೂಬುಗಳನ್ನು ಹರಡಿಕೊಂಡು ಕೂತು ಒಬ್ಬೊಬ್ಬರ ಹೆಸರು ಕೂಗತೊಡಗಿದ.

ಜಗಲಿಯಲ್ಲಿ ನೀಲಾಂಬಿಕ ಒಂದು ಕೈಯಲ್ಲಿ ಹೋಳಿಗೆ ಮುರಿಯುತ್ತ, ಇನ್ನೊಂದು ಕೈಯಲ್ಲಿ ವಂಶವೃಕ್ಷ ಬರೆಯುತ್ತಿದ್ದಳು. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ಕಾಯಿಲೆಯವರಿಗೆ ಕಪ್ಪು ಮಸಿ. ಎಷ್ಟು ಚೆಂದದ ವೃಕ್ಷ! ಅಕ್ಕನ ಮಗಳು, ಸೋದರತ್ತೆಯ ಮಗ ಎಂದು ಒಳಗೊಳಗೇ ತಂದ ಮದುವೆಗಳು. ಇಂಥದ್ದಕ್ಕಾಗಿ ಪರದೇಶದವರು ಬಾಯಿ ಬಿಡುತ್ತಾರೆ. ವರದಮ್ಮ ತುಪ್ಪ ಬಡಿಸುತ್ತ ಪಕ್ಕದಲ್ಲಿ ಕೂತು ಏನೋ ಹೇಳಿದಳು. ರಕ್ತ, ಕುರಿ, ಉಜ್ಜಪ್ಪ ಎಂಬ ಮಾತುಗಳು ಅದರಲ್ಲಿದ್ದವು. ನೀಲಾಂಬಿಕ ತಲೆಯೆತ್ತದೆ, “ಹೂಂ ಅಜ್ಜಿ, ಹಂಗೇ ಮಾಡ್ರಿ,” ಎಂದು ಇನ್ನೊಂದು ಸೊನ್ನೆಗೆ ಮಸಿ ತುಂಬಿದಳು.

ಫಲಿತಾಂಶ ಬಂದಾಗ ಅವಳಿಗೆ ಕುಣಿಯುವಂತಾಯಿತು. ಸ್ನಾಯುಗಳಿಗೆ ಸಂಬಂಧಿಸಿದ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ತಾಯಿಯಿಂದ ಬಂದ ಪ್ರತಿ, ತಂದೆಯಿಂದ ಬಂದ ಪ್ರತಿ ಎರಡರಲ್ಲೂ ಅದೇ ಬದಲಾವಣೆ, ಮೂವರು ಕಾಯಿಲೆಯವರಲ್ಲೂ ಅದೇ. ಆರೋಗ್ಯವಂತ ಉಜ್ಜಪ್ಪನ ಟ್ಯೂಬಿನಲ್ಲಿ ಇಲ್ಲ, ಊರಿನ ಬೇರೆ ಮನೆಯವರಲ್ಲೂ ಇಲ್ಲ. ಇಷ್ಟು ಅಚ್ಚುಕಟ್ಟಾದ ಫಲಿತಾಂಶ ಬಂದರೆ ಮೊದಲು ಅನುಮಾನಪಡಬೇಕು ಎಂದು ಅವಳೇ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದಳು. ಆದರೆ ಪಾಠ ಇರುವುದು ವಿದ್ಯಾರ್ಥಿಗಳಿಗೆ.

ಪ್ರಬಂಧ ಅಚ್ಚಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಳ್ಳಿಯಲ್ಲಿ ಮಾತ್ರ ಇರುತ್ತಾರೆಂದು ತಿಳಿಯಬಾರದು, ದೊಡ್ಡ ದೊಡ್ಡ ಪತ್ರಿಕೆಗಳ ಪರಿಶೀಲಕರಲ್ಲೂ ಇರುತ್ತಾರೆ. ಬದಲಾವಣೆಗೆ ‘ಹೊಸಬಾಳೆ ಮ್ಯುಟೇಶನ್’ ಎಂದು ಹೆಸರಾಯಿತು. ಹೊಸಬಾಳೆ ಯಾವ ದಿಕ್ಕಿಗಿದೆ ಎಂದು ತಿಳಿಯದ ಪ್ರೊ. ಶ್ರೀನಾಥರ ಹೆಸರೂ ಎಂದಿನಂತೆ ಸೇರಿತು. ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಅದರ ಬೆನ್ನಿಗೇ ಶಿಕಾರಿಪುರದ ಹಿತೈಷಿಗಳು ಒಂದು ಭಾನುವಾರ ಸನ್ಮಾನ ಇಟ್ಟುಕೊಂಡರು.

ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಈಸೂರಿನವರು ಬ್ರಿಟಿಷರನ್ನು ಓಡಿಸಿದಂತೆ ನಮ್ಮ ನೀಲಾಂಬಿಕ ಕಾಯಿಲೆಯನ್ನು ಓಡಿಸಿದರು ಎಂದು ಒಬ್ಬರು ಭಾಷಣ ಬಿಗಿದರು. ಓಡಿಸಿರಲಿಲ್ಲ, ಹೆಸರಿಟ್ಟಿದ್ದಳು ಅಷ್ಟೆ. ಆದರೆ ಚಪ್ಪಾಳೆಯ ನಡುವೆ ಎದ್ದು ತಿದ್ದುವುದು ಸಭ್ಯತೆಯಲ್ಲ. ಮುಂದಿನ ಸಾಲಿನಲ್ಲಿ ಚಿಕ್ಕಮ್ಮ ಮೊಣಕಾಲು ತಿಕ್ಕಿಕೊಳ್ಳುತ್ತ ಕೂತಿದ್ದಳು.

ಕಾರ್ಯಕ್ರಮ ಮುಗಿದು ಮೆಟ್ಟಿಲಿಳಿಯುವಾಗ ಒಬ್ಬ ಹುಡುಗಿ ಅಡ್ಡ ಬಂದು ನಿಂತಳು. ಬಸುರಿ. ಜೊತೆಯಲ್ಲಿ ಗಂಡ.

“ನಾನು ಮಾನಸ ರೀ, ಹೊಸಬಾಳೆ ಉಜ್ಜಪ್ಪನ ಮಗಳು. ಇವ್ರು ಅರುಣ, ನಮ್ಮ ದೂರದ ಸೋದರತ್ತೆ ಮಗ,” ಎಂದಳು. “ನಿಮ್ಮ ಪೇಪರ್ ನೋಡಿ ನಮ್ಮ ಡಾಕ್ಟ್ರು ಟೆಸ್ಟ್ ಮಾಡಿಸಿದ್ರು. ಕೂಸಿಗೆ ಆ ಮ್ಯುಟೇಶನ್ ಎರಡೂ ಕಡೆಯಿಂದ ಬಂದೈತಂತೆ. ಮಂಗಳವಾರ ಬಾ, ತೆಗೆಸಿಬಿಡಾನ ಅಂದಾರೆ.”

ನೀಲಾಂಬಿಕಳ ಹೆಗಲ ಮೇಲಿನ ಶಾಲು ಭಾರವೆನಿಸಿತು. ಸಮಾಧಾನದ ಮಾತಿಗೆ ತಡಕಾಡಿದಳು. ಇಂಥ ಕಡೆ ಹೇಳಬೇಕಾದ ವಾಕ್ಯಗಳು ಅವಳಿಗೆ ಇಂಗ್ಲಿಷಿನಲ್ಲಿ ಮಾತ್ರ ಬರುತ್ತಿದ್ದವು.

“ಅದು ಇರ್ಲಿ ರೀ,” ಎಂದಳು ಮಾನಸ. “ನಂಗೆ ಒಂದೇ ಅನುಮಾನ. ನಮ್ಮ ಅಪ್ಪನ್ನೂ ಟೆಸ್ಟ್ ಮಾಡಿದ್ರು. ಅಪ್ಪಂಗೂ ಎರಡೂ ಕೆಟ್ಟೈತಂತೆ. ಹಂಗಿದ್ರೆ ಅಪ್ಪನ ಕಾಲು ಯಾಕೆ ಸೋತಿಲ್ಲ? ನಿನ್ನೆನೂ ಹೋರಿ ಹಿಂದೆ ಓಡ್ಯಾನೆ.”

ಉಜ್ಜಪ್ಪನ ಟ್ಯೂಬಿನಲ್ಲಿ ಆ ಬದಲಾವಣೆ ಇರಲೇ ಇಲ್ಲ. ಪ್ರಬಂಧದ ಎರಡನೇ ಚಿತ್ರ ನಿಂತಿದ್ದೇ ಅದರ ಮೇಲೆ.

ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟು, ಇಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ನೇರ ಹೊಸಬಾಳೆಗೆ ಹೊರಟಳು. ವರದಮ್ಮ ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು.

“ಅಜ್ಜಿ, ಆವತ್ತು ರಕ್ತ ಕೊಟ್ಟವರು ಯಾರು?”

“ಉಜ್ಜಪ್ಪ. ಮತ್ತ್ಯಾರು?”

“ಮೂವರದೂ?”

“ಹೂಂ ಮತ್ತೆ. ಏಳಕ್ಕೇ ಆಗದವರ ಮೈಯಾಗಿಂದ ರಕ್ತ ಬಸೀತಾರೇನವ್ವಾ? ಸೊರಗಿದ ಕುರಿ ಉಣ್ಣೆ ಯಾರಾದ್ರೂ ಕತ್ತರಿಸ್ತಾರಾ? ಒಂದೇ ಹೊಟ್ಟ್ಯಾಗೆ ಹುಟ್ಟಿದೋರು, ರಕ್ತ ಒಂದೇ ಅಲ್ಲೇನು? ಗಟ್ಟಿ ಇರೋನು ಕೊಡ್ಲಿ ಅಂದೆ.”

“ಮತ್ತೆ ಉಜ್ಜಪ್ಪನ ಹೆಸರಿಂದು?”

ಪಕ್ಕದಲ್ಲಿ ನಿಂತಿದ್ದ ಉಜ್ಜಪ್ಪ ತಪ್ಪಿತಸ್ಥನಂತೆ ತಲೆ ಕೆರೆದುಕೊಂಡ. “ಮೂರು ಸಲ ಕೊಡೋದ್ರಾಗೆ ನಂಗೆ ತಲೆ ಗಿರ್ ಅಂತು ಮೇಡಮ್ಮೋರೆ. ನಂದು ನನ್ನ ಹೆಂಡ್ತಿ ತಿಮ್ಮಮ್ಮ ಕೊಟ್ಲು.”

“ಇದನ್ನ ನನಗೆ ಯಾಕೆ ಹೇಳಲಿಲ್ಲ?”

ವರದಮ್ಮನಿಗೆ ನಿಜವಾಗಿಯೂ ಬೇಜಾರಾಯಿತು. “ಹೇಳಿದ್ನಲ್ಲವ್ವಾ! ತುಪ್ಪ ಹಾಕ್ತಾ ಹೇಳಿದೆ. ನೀವೇ ‘ಹೂಂ ಅಜ್ಜಿ, ಹಂಗೇ ಮಾಡ್ರಿ’ ಅಂದ್ರಿ.”

ನೀಲಾಂಬಿಕ ಪ್ರದೀಪನಿಗೆ ಫೋನ್ ಮಾಡಿದಳು. ಅವನು, “ನೀವೇ ಒಪ್ಪಿದೀರಿ ಅಂದ್ರು ಮೇಡಂ. ಆಮೇಲೆ ಹೋಳಿಗೆನೂ ಆರ್ತಾ ಇತ್ತು,” ಎಂದ. ಆಳು ಮಾಡಿದ್ದು ಹಾಳು ಎಂದು ಬೈಯಲು ಬಾಯಿ ತೆರೆದಳು. ತಾನು ಮಾಡಿದ್ದೇನು ಎಂದು ನೆನಪಾಗಿ ಮುಚ್ಚಿಕೊಂಡಳು.

ಅಂದರೆ ಮೂವರು ರೋಗಿಗಳೆಂದು ಜಗತ್ತು ಓದಿದ್ದು ಒಬ್ಬ ಗಟ್ಟಿಮುಟ್ಟಾದ ಉಜ್ಜಪ್ಪನನ್ನು. ಕಾಯಿಲೆಯ ಮೂಲವೆಂದು ಹೆಸರಿಟ್ಟಿದ್ದು ಅವನ ಮೈಯಲ್ಲಿ ಅಪಾಯವಿಲ್ಲದೆ ಬಿದ್ದುಕೊಂಡಿದ್ದ ಒಂದು ಅಕ್ಷರಕ್ಕೆ. ಅಜ್ಜನಿಂದ ಮೊಮ್ಮಗುವಿಗೆ ಅದು ಮೂಗಿನ ಹಾಗೆ ಇಳಿದು ಬಂದಿತ್ತು, ಅದಕ್ಕಾಗಿ ಮಂಗಳವಾರ ಆ ಮಗುವನ್ನು ತೆಗೆಯುವವರಿದ್ದರು. ನೀಲಾಂಬಿಕ ಜಗಲಿಯ ಮೇಲೆ ಕೂತಳು. ಅವಳಿಗೆ ಭಯವಾಯಿತು, ತನ್ನ ಮೇಲೆ ಅಸಹ್ಯವೂ ಆಯಿತು.

ಮೊದಲು ಮಾನಸಳ ವೈದ್ಯರಿಗೆ ಫೋನ್ ಮಾಡಿ ವಿಷಯ ಹೇಳಿದಳು.

“ಮೇಡಂ, ನೀವು ಯಾರೋ ನನಗೆ ಹೇಗೆ ಗೊತ್ತಾಗಬೇಕು?” ಎಂದರು ಅವರು ಬಹಳ ವಿನಯದಿಂದ. “ಪ್ರಕಟವಾದ ಪ್ರಬಂಧ ಇದೆ. ಡಾ. ನೀಲಾಂಬಿಕ ಅಂತ ದೊಡ್ಡ ವಿಜ್ಞಾನಿ ಬರೆದಿರೋದು.”

“ನಾನೇ ಆ ನೀಲಾಂಬಿಕ.”

“ಹಾಗಾದ್ರೆ ಬರೆದು ಕೊಡಿ ಮೇಡಂ. ನಿಮ್ಮ ಬಾಯಿಮಾತಿಗಿಂತ ನಿಮ್ಮ ಪ್ರಬಂಧದ ಮೇಲೆ ನಮಗೆ ಹೆಚ್ಚು ನಂಬಿಕೆ.”

ಆಮೇಲೆ ಪ್ರೊ. ಶ್ರೀನಾಥರಿಗೆ. ಅವರು ಎಲ್ಲ ಕೇಳಿ ಗಂಟಲು ಸರಿಮಾಡಿಕೊಂಡರು. “ದುಡುಕಬೇಡಿ. ಸಂದರ್ಶನ ಮುಗೀಲಿ. ಆಮೇಲೆ ‘ಹೆಚ್ಚಿನ ಸಂಶೋಧನೆ ಅಗತ್ಯ’ ಅಂತ ಒಂದು ಸಣ್ಣ ಟಿಪ್ಪಣಿ ಹಾಕೋಣ. ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುತ್ತೆ.”

“ಸರ್, ವಿಜ್ಞಾನ ತಿದ್ದಿಕೊಳ್ಳುವಷ್ಟರಲ್ಲಿ ಮಂಗಳವಾರ ಆಗಿರುತ್ತೆ.”

“ಅವರು ವಯಸ್ಸಲ್ಲಿ ಚಿಕ್ಕೋರು. ಇನ್ನೊಂದು ಮಗು ಆಗುತ್ತೆ. ಈ ಹುದ್ದೆ ಇನ್ನೊಮ್ಮೆ ಬರುತ್ತಾ?”

ನೀಲಾಂಬಿಕ ಫೋನ್ ಇಟ್ಟಳು. ಈ ಮಾತು ತನ್ನ ತಲೆಯಲ್ಲೂ ಒಂದು ಗಳಿಗೆ ಸುಳಿದು ಹೋಗಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಬೇರೆಯವರ ಬಾಯಲ್ಲಿ ಕೇಳಿದಾಗಲೇ ಅದು ಎಂಥ ಮಾತೆಂದು ತಿಳಿದದ್ದು.

ಮಾನಸ ಬಾಗಿಲಿಗೊರಗಿ ನಿಂತಿದ್ದಳು. “ಹಂಗಿದ್ರೆ ನನ್ನ ಕೂಸಿಗೆ ಕಾಯಿಲೆ ಇಲ್ವಾ ರೀ?”

ಇಲ್ಲ ಎಂದುಬಿಡಬಹುದಿತ್ತು. ಇಲ್ಲ ಎಂದು ಕೇಳಲೆಂದೇ ಆ ಹುಡುಗಿ ಉಸಿರು ಹಿಡಿದು ನಿಂತಿದ್ದಳು. ಆದರೆ ನಿಜವಾದ ಕಾಯಿಲೆಯ ರಕ್ತವನ್ನು ಯಾರೂ ಈವರೆಗೆ ನೋಡಿಯೇ ಇರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನೀಲಾಂಬಿಕ ಒಮ್ಮೆಯೂ ಆಡದ ಒಂದು ಮಾತು ಕಷ್ಟಪಟ್ಟು ಹೊರಬಂತು.

“ನನಗೆ ಗೊತ್ತಿಲ್ಲಮ್ಮ. ಇದೆ ಅಂತ ನಾನು ಬರೆದದ್ದು ಸುಳ್ಳು. ಅಷ್ಟು ಮಾತ್ರ ಗೊತ್ತು.”

ಮಾನಸ ಗಂಡನ ಮುಖ ನೋಡಿದಳು. ಅರುಣ, “ಗೊತ್ತಿಲ್ದೇನೇ ಅಲ್ಲೇನು ಎಲ್ರೂ ಹುಟ್ಟಿರೋದು,” ಎಂದ. ಮಾನಸ ಸೆರಗಿನಿಂದ ಕಣ್ಣೊರೆಸಿಕೊಂಡು, “ಮಂಗಳವಾರ ನಾವು ಹೋಗಲ್ಲ ರೀ. ನೀವು ಬರೆದು ಮಾತ್ರ ಕೊಡ್ರಿ. ನಾಳೆ ಯಾರೂ ನನ್ನ ಕೂಸಿಗೆ ರೋಗಿ ಅನ್ನಬಾರದು,” ಎಂದಳು.

ಅದೇ ಜಗಲಿಯಲ್ಲಿ, ಹೋಳಿಗೆ ತಿಂದ ಜಾಗದಲ್ಲಿ ಕೂತು, ನೀಲಾಂಬಿಕ ಫೋನಿನಲ್ಲೇ ಪತ್ರಿಕೆಗೂ ವೈದ್ಯರಿಗೂ ಬರೆದು ಕಳಿಸಿದಳು: ನಮ್ಮ ಮೂವರು ರೋಗಿಗಳು ಒಬ್ಬನೇ ಆರೋಗ್ಯವಂತ ಮನುಷ್ಯ, ನಾಲ್ಕನೆಯವನು ಅವನ ಹೆಂಡತಿ, ಪ್ರಬಂಧವನ್ನು ಹಿಂತೆಗೆದುಕೊಳ್ಳಿ. ಅವಳ ವೃತ್ತಿಜೀವನದಲ್ಲಿ ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಬರೆದದ್ದು ಬೇರೊಂದಿರಲಿಲ್ಲ.

ಮುಂದಿನದು ಶಾಸ್ತ್ರೋಕ್ತವಾಗಿ ನಡೆಯಿತು. ಸುಳ್ಳು ಬರೆದಾಗ ಶಾಲು ಹೊದಿಸಿದವರು ನಿಜ ಬರೆದಾಗ ಕಂಡರೂ ಕಾಣದಂತೆ ಹೋದರು. ವಿಚಾರಣಾ ಸಮಿತಿ ಕೂತಿತು. ಪ್ರೊ. ಶ್ರೀನಾಥರು ತಾವು ಆ ಪ್ರಬಂಧವನ್ನು ಓದಿಯೇ ಇರಲಿಲ್ಲವೆಂದು ಹೇಳಿಕೆ ಕೊಟ್ಟರು. ಅವರು ನುಡಿದ ನಿಜ ಅದೊಂದೇ ಇರಬೇಕು. ಪ್ರೊಫೆಸರ್ ಹುದ್ದೆ, ನೊಣಗಳನ್ನು ಬಿಟ್ಟು ಕದಲದಿದ್ದ ಸಹೋದ್ಯೋಗಿಯೊಬ್ಬರಿಗೆ ಹೋಯಿತು. ಚಿಕ್ಕಮ್ಮ ಮಾತ್ರ, “ಹೋಗ್ಲಿ ಬಿಡು, ಮೊದ್ಲೂ ನೀನು ಡಾಕ್ಟ್ರಾಗಿರ್ಲಿಲ್ಲ,” ಎಂದು ಸಮಾಧಾನ ಹೇಳಿದಳು.

ಮಾನಸಳಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತನ ಮುಗಿಯುವ ಹೊತ್ತಿಗೆ ನೀಲಾಂಬಿಕ ಒಬ್ಬಳೇ ಹೊಸಬಾಳೆಗೆ ಹೋದಳು. ಈ ಸಲ ಊಟಕ್ಕೆ ಕೂರಲಿಲ್ಲ. ಉಜ್ಜಪ್ಪ ಅಭ್ಯಾಸಬಲದಿಂದ ಅಂಗಿಯ ತೋಳು ಮಡಚಿ ಎದುರಿಗೆ ಬಂದ. “ನಿಂದು ಸಾಕಪ್ಪ,” ಎಂದು ಅವನನ್ನು ದಾಟಿ, ಹೊಸ್ತಿಲು ದಾಟಿ, ಒಳಕೋಣೆಗೆ ಹೋಗಿ ನೆಲದ ಮೇಲೆ ಕೂತಳು. ವರದಮ್ಮ ಬಾಗಿಲಲ್ಲಿ ನಿಂತು ಗೊಣಗಿದಳು, ತಡೆಯಲಿಲ್ಲ.

ಗೋಡೆಗೊರಗಿ ಕೂತಿದ್ದ ಹನುಮಮ್ಮ ತೆಳ್ಳಗೆ ಬೆಳ್ಳಗೆ ಇದ್ದಳು, ಕಣ್ಣು ಚುರುಕು. ಪ್ರಬಂಧದಲ್ಲಿ ಇವಳ ಬಗ್ಗೆ ಅರ್ಧ ಪುಟ ಬರೆದಿದ್ದ ನೀಲಾಂಬಿಕ ಇವಳ ಮುಖ ನೋಡಿದ್ದು ಇವತ್ತೇ.

“ಆವತ್ತು ನನ್ನ ಹೆಸರು ಕೂಗಿದ್ರು,” ಎಂದಳು ಹನುಮಮ್ಮ. “ನಾನು ಇಲ್ಲಿಂದ ಓ ಅಂದೆ. ಯಾರೂ ಬರ್ಲಿಲ್ಲ.”

ಸೂಜಿ ಹಾಕುವುದನ್ನು ನೀಲಾಂಬಿಕ ಪ್ರದೀಪನಿಂದ ಕಲಿತು ಬಂದಿದ್ದಳು. ತೋಳಿಗೆ ಪಟ್ಟಿ ಕಟ್ಟಿ, ನರ ಹುಡುಕುತ್ತ, “ಸ್ವಲ್ಪ ನೋವಾಗುತ್ತಮ್ಮ,” ಎಂದಳು.

“ಆಗ್ಲಿ ಬಿಡ್ರಿ,” ಎಂದು ಹನುಮಮ್ಮ ಕೈ ಮುಂದೆ ಚಾಚಿದಳು. “ನನ್ನ ಹೆಸರಿನಾಗೆ ಒಂದ್ಸಲನಾದ್ರೂ ನನ್ನ ರಕ್ತನೇ ಹೋಗ್ಲಿ.”