ದೊಡ್ಡಕ್ಕನನ್ನು ಕಳಿಸಿಕೊಟ್ಟಿದ್ದು

ನಮ್ಮ ಕಂಪನಿಯದು ಹನ್ನೊಂದು ಉಪಗ್ರಹಗಳು. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸಾಲಾಗಿ ಇದ್ದುಕೊಂಡು ಮನೆಮನೆಯ ಟಿವಿ, ಹಡಗಿನವರ ಫೋನು, ದೂರದ ಆಸ್ಪತ್ರೆಗಳ ಮಾತುಕತೆ ಎಲ್ಲ ಸಾಗಿಸುತ್ತವೆ. ಸೆಕೆಂಡಿಗೆ ಮೂರು ಕಿಲೋಮೀಟರ್ ಓಡುತ್ತವೆ. ಕೆಳಗೆ ಭೂಮಿಯೂ ಜೊತೆಗೇ ತಿರುಗುವುದರಿಂದ ನಿಂತಲ್ಲೇ ನಿಂತಂತೆ ಕಾಣುತ್ತವೆ. ಇಷ್ಟು ವರ್ಷ ಇವುಗಳನ್ನು ನಡೆಸಿದ ಮೇಲೂ ಅದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ನನ್ನ ಗಂಡನಿಗೆ ಮಾತ್ರ ಟಿವಿ ಬಂದರೆ ಸಾಕು.

ಈ ಹನ್ನೊಂದರಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡಕ್ಕ. ವಯಸ್ಸಾದವಳನ್ನು ಸಾಲಿನಿಂದ ಮುನ್ನೂರು ಕಿಲೋಮೀಟರ್ ಮೇಲಕ್ಕೆ ಏರಿಸಿ, ರೇಡಿಯೊ ಆರಿಸಿ ಬಿಟ್ಟುಬಿಡುವುದು ನಮ್ಮ ಕ್ರಮ. ಅರ್ಧ ದಾರಿಯಲ್ಲಿ ಇಂಧನ ಮುಗಿದರೆ ಅವಳು ತಂಗಿಯರ ದಾರಿಗೇ ಅಡ್ಡ ಬರುತ್ತಾಳೆ. ಡಿಕ್ಕಿಯಾಯಿತೋ, ಇಡೀ ಸಾಲಿಗೇ ಅಪಾಯ.

ತೂಕವೇ ಇಲ್ಲದ ಕಡೆ ತೇಲುವ ಇಂಧನವನ್ನು ಅಳೆಯುವುದು ಹೇಗೆ? ಟ್ಯಾಂಕನ್ನು ಬಿಸಿ ಮಾಡಿ ನೋಡುತ್ತೇವೆ. ತುಂಬಿದ ಪಾತ್ರೆ ನಿಧಾನಕ್ಕೆ ಕಾಯುತ್ತದೆ, ಖಾಲಿ ಪಾತ್ರೆ ಬೇಗ. ಆ ಬೆಳಗ್ಗೆ ದೊಡ್ಡಕ್ಕನ ಟ್ಯಾಂಕು ಬಲು ಬೇಗ ಕಾಯಿತು.

"ಲೆಕ್ಕದ ಪ್ರಕಾರ ಇನ್ನೂ ಆರು ತಿಂಗಳಿಗೆ ಸಾಕಲ್ಲಮ್ಮ," ಎಂದರು ನಮ್ಮ ಮುಖ್ಯಸ್ಥರು. ಅವರ ಗದರಿಕೆಯಿಂದಾಗಿ ಎಲ್ಲರೂ ಅವರನ್ನು ಮಾವ ಎನ್ನುತ್ತೇವೆ.

"ಲೆಕ್ಕ ಹಾಗನ್ನುತ್ತೆ, ಟ್ಯಾಂಕು ಬೇರೆ ಹೇಳ್ತಿದೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತ ಕೂತ್ರೆ ಆಗಲ್ಲ ಮಾವ."

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. "ಸರಿ, ಕಳಿಸು."

ಅವಳ ಕೆಲಸವನ್ನೆಲ್ಲ ಪಕ್ಕದ ತಂಗಿಗೆ ದಾಟಿಸಿದೆವು. ಯಾರ ಮನೆಯ ಟಿವಿಯೂ ಮಿಟುಕಲಿಲ್ಲ. ಆಮೇಲೆ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಮೇಲಕ್ಕೆ ಏರಿಸಿದೆವು. ಇನ್ನೂರೈವತ್ತು ಕಿಲೋಮೀಟರ್ ದಾಟುವಾಗ ಟ್ಯಾಂಕಿನ ಒತ್ತಡ ಇಳಿಯತೊಡಗಿತು. ನಾನು ಒಂದೊಂದೇ ಕಿಲೋಮೀಟರ್ ಎಣಿಸುತ್ತಿದ್ದೆ. ಮಾವ ಗದರುವುದನ್ನೇ ಮರೆತಿದ್ದರು. ಮುನ್ನೂರ ನಾಲ್ಕರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು.

"ದಾಟಿದ್ಲು," ಎಂದರು ಮಾವ, ಮೆಲ್ಲಗೆ.

ರೇಡಿಯೊ ಆರಿಸುವ ಆಜ್ಞೆಯನ್ನು ನಾನೇ ಕಳಿಸಬೇಕಿತ್ತು. ಮಾವ ಕುರ್ಚಿಯಿಂದ ಎದ್ದರು. ಅವರನ್ನು ನೋಡಿ ಎಲ್ಲರೂ ಎದ್ದರು. ಗುಂಡಿ ಒತ್ತಿದೆ. ಆಜ್ಞೆ ತಲುಪಿತು ಎಂದು ಅವಳು ಉತ್ತರ ಕೊಟ್ಟಳು, ಎಂದಿನ ಹಾಗೆ. ಆಮೇಲೆ ಪರದೆಯ ಮೇಲಿನ ಅವಳ ಸಂಕೇತದ ಗೆರೆ ಮಟ್ಟಸವಾಗಿ ಮಲಗಿತು. ನನಗೆ ಅಳು ಬಂತು.

"ಇನ್ನು ಎಷ್ಟು ದಿನ ಇರ್ತಾಳೆ ಮಾವ ಅಲ್ಲಿ?"

"ಅಲ್ಲಿ ಗಾಳಿ ಇಲ್ಲ, ಬೀಳಿಸೋರಿಲ್ಲ. ಲಕ್ಷಾಂತರ ವರ್ಷ ಸುತ್ತುತ್ತಾ ಇರ್ತಾಳೆ."

ಮುದುಕಿಯೊಬ್ಬಳನ್ನು ಕಳಿಸಿಕೊಡುತ್ತಿದ್ದೇವೆ ಎಂದುಕೊಂಡಿದ್ದೆ. ಆ ಕೋಣೆಯಲ್ಲಿ ಎದ್ದು ನಿಂತಿದ್ದ ನಮ್ಮೆಲ್ಲರನ್ನೂ ಕಳಿಸಿಕೊಟ್ಟು ಉಳಿಯುವವಳು ಅವಳೇ.