ಅರೆಗಣ್ಣು

ಕಣ್ಣು ಮುಚ್ಚಿ, ಬರೀ ಮುಟ್ಟಿ ಬಟ್ಟೆಯ ಜಾತಕ ಹೇಳುವ ಟೈಲರ್ ನಾನು. ಮದುವೆಯಾದ ಹೊಸತರಲ್ಲಿ ಹೆಂಡತಿ ಮಖಮಲ್ಲಿನ ನವಿರೆಳೆ ಯಾವ ಕಡೆಗೆ ಮಲಗಿದೆಯೆಂದು ತಿಳಿಯದೆ ಕತ್ತರಿಸಿದಾಗ, ಗಿರಾಕಿಗಳ ಎದುರೇ "ಇವಳ ಬೆರಳಿಗೆ ಜೀವಾನೇ ಇಲ್ಲ" ಎಂದು ನಕ್ಕಿದ್ದೆ.

ಈಗ ಜೀವವಿಲ್ಲದ್ದು ನನ್ನ ಬೆರಳಿಗೆ. ಅಂಗಡಿಯ ಗಾಜು ಒಡೆದು ಬಲ ಅಂಗೈ ಸೀಳಿತ್ತು. ಕಡಿದ ನರವನ್ನು ಡಾಕ್ಟರು ಜೋಡಿಸಿದರೂ ಬೆರಳಿಗೆ ಸ್ಪರ್ಶ ಮರಳಲಿಲ್ಲ. ಆಮೇಲೆ ವ್ಯಾಯಾಮ ಹೇಳಿಕೊಡುವ ಮೇಡಂ ಒಂದು ಡಬ್ಬಿ ಕೊಟ್ಟರು. ಅದರಲ್ಲಿ ಗುಂಡಿ, ಬೀಗದ ಕೈ, ಬಟ್ಟೆಯ ಚೂರುಗಳು.

"ಕಣ್ಮುಚ್ಚಿ ಮುಟ್ಟಿ, ಏನಂತ ಹೇಳಿ. ಆಮೇಲೆ ನೋಡಿ, ಮತ್ತೆ ಮುಟ್ಟಿ. ತಪ್ಪಾದ್ರೂ ಪರವಾಗಿಲ್ಲ, ಹಾಗೇ ಕಲಿಯೋದು."

ತಪ್ಪುವುದೇ? ಅದೂ ದಿನಾ ಡಬ್ಬಿ ಹಿಡಿದು ಕೂರುವ ಹೆಂಡತಿಯ ಎದುರು? ರೆಪ್ಪೆಯ ಸಂದಿಯಲ್ಲಿ ಇಣುಕಿ "ಗುಂಡಿ" ಎಂದೆ, "ಬೀಗದ ಕೈ" ಎಂದೆ. ಅವಳು ಹಿಗ್ಗಿ ಹೀರೇಕಾಯಿಯಾದಳು. "ಮೇಡಂ, ಹತ್ತಕ್ಕೆ ಹತ್ತು!" ಎಂದು ಫೋನಿನಲ್ಲಿ ಹೇಳಿದಳು. ಹೀಗೇ ಆರು ವಾರ ಕಳೆಯಿತು.

ಅದೇ ನಂಬಿಕೆಯಿಂದ ಒಂದು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯನ್ನು ನನ್ನ ಕೈಗೇ ಬಿಟ್ಟಳು. ನಾನು ಗಿರಾಕಿಯೊಂದಿಗೆ ಹರಟುತ್ತ ಕಾಲರ್ ಇಸ್ತ್ರಿ ಮಾಡುತ್ತಿದ್ದೆ.

"ರೀ, ಏನೋ ಸುಟ್ಟ ವಾಸನೆ... ಅಯ್ಯೋ, ನಿಮ್ಮ ಬೆರಳು!"

ಬಿಸಿ ಲೋಹಕ್ಕೆ ಅಂಟಿದ್ದ ತೋರುಬೆರಳನ್ನು ಅವಳೇ ಎಳೆದಳು. ನನಗೆ ಏನೂ ಗೊತ್ತಾಗಿರಲಿಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮುಲಾಮು ಹಚ್ಚುತ್ತ, "ತಪ್ಪು ನಂದೇ ರೀ. ಇಷ್ಟು ಬೇಗ ಕೊಡಬಾರದಿತ್ತು" ಎಂದು ಅತ್ತಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ನಾನು ಇಣುಕ್ತಿದ್ದೆ ಕಣೇ. ಮೊದಲ ದಿನದಿಂದಲೂ."

ಅವಳು ಮುಲಾಮಿನ ಮುಚ್ಚಳ ತಿರುಗಿಸುತ್ತಲೇ ಇದ್ದಳು.

ಮರುದಿನ ಕಪ್ಪು ಲೈನಿಂಗ್ ಪಟ್ಟಿಯೊಂದನ್ನು ಹಿಡಿದು ಅವಳ ಮುಂದೆ ಕೂತೆ. "ಕಣ್ಣಿಗೆ ಬಿಗಿಯಾಗಿ ಕಟ್ಟು."

ಕಟ್ಟಿದಳು. ಸುಡದೆ ಉಳಿದಿದ್ದ ನಡುಬೆರಳಿನ ಕೆಳಗೆ ಏನೋ ಇಟ್ಟಳು. ಉಜ್ಜಿದೆ, ಒತ್ತಿದೆ. ಮತ್ತೆ ಉಜ್ಜಿದೆ.

"ಗೊತ್ತಾಗ್ತಿಲ್ಲ" ಎಂದೆ. ಬಟ್ಟೆಯ ವಿಷಯದಲ್ಲಿ ಆ ಮಾತನ್ನು ಅವಳ ಎದುರು ಹಿಂದೆಂದೂ ಆಡಿರಲಿಲ್ಲ.

ಪಟ್ಟಿ ಸರಿಸಿದಳು. ಮಖಮಲ್ಲು. ನಗಲು ಅವಳಿಗೆ ಇಪ್ಪತ್ತು ವರ್ಷದ ಹಕ್ಕಿತ್ತು. ನಗಲಿಲ್ಲ. ನನ್ನ ಬೆರಳು ಹಿಡಿದು ಬಟ್ಟೆಯ ಮೇಲೆ ನಿಧಾನವಾಗಿ ಎಳೆದಳು.

"ನೋಡಿ, ಈ ಕಡೆಗೆ ನುಣುಪು, ಈ ಕಡೆಗೆ ಒರಟು. ಈಗ ಮತ್ತೆ ಕಟ್ತೀನಿ."